ಮೈಸೂರು ಟ್ರಿಪ್ ಹೊರಟವರು ಎಲ್ಲಿ ತಿಂತಾರೆ? ಹಳೇ ರಸ್ತೆ ಅಂಗಡಿಗಳ ಲೆಕ್ಕ ಅಲ್ಲೇ ಇದೆ

ಮಂಡ್ಯ: ಬೆಂಗಳೂರಿನವರಿಗೆ ಮೈಸೂರು ಟ್ರಿಪ್ ಅಂದ್ರೆ ಮೊದಲು ಅದು ನಾಲ್ಕೈದು ಊರಿನ ಪ್ರವಾಸ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಬೊಂಬೆ, ಮದ್ದೂರಲ್ಲಿ ವಡೆ-ಕಾಫಿ, ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ, ಆಮೇಲೆ ಮೈಸೂರು. ಈಗ ಬೆಳಗ್ಗೆ ಬೆಂಗಳೂರು ಬಿಟ್ಟ ಕಾರು ನಡುವೆ ಎಲ್ಲೂ ನಿಲ್ಲದೆ ತಿಂಡಿ ಹೊತ್ತಿಗೆ ಮೈಸೂರು ಸೇರುತ್ತದೆ. ತಿಂಡಿ ಅಲ್ಲೇ, ಊಟ ಅಲ್ಲೇ, ಖರೀದಿನೂ ಅಲ್ಲೇ.

ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆ ಮಾಡಿದ್ದು 2023ರ ಮಾರ್ಚ್ 12ರಂದು. ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇಷ್ಟೂ ಊರಿನ ಪೇಟೆಯನ್ನು ಮುಖ್ಯ ರಸ್ತೆ ಪಕ್ಕಕ್ಕಿಟ್ಟು ಹೋಯಿತು. ರಸ್ತೆ ತೆರೆದಾಗಿನಿಂದಲೂ ಈ ಊರುಗಳ ಹೋಟೆಲ್, ಬೊಂಬೆ ಅಂಗಡಿ ಮಾಲೀಕರು ವ್ಯಾಪಾರ ಬಿದ್ದು ಹೋಯ್ತು ಅಂತಲೇ ಹೇಳುತ್ತಾ ಬಂದಿದ್ದಾರೆ.

ದೂರು ಸುಳ್ಳಲ್ಲ. ಆದರೆ ರಸ್ತೆಯನ್ನು ಬೈದು ಕೂತರೆ ಗಿರಾಕಿ ವಾಪಸ್ ಬರಲ್ಲ. ಟ್ರಿಪ್‌ಗೆ ಹೊರಟ ಮನುಷ್ಯ ಈಗ ಯಾವುದಕ್ಕೆ ಬ್ರೇಕ್ ಹಾಕ್ತಾನೆ, ಎಲ್ಲಿ ಜೇಬಿಗೆ ಕೈ ಹಾಕ್ತಾನೆ ಅನ್ನೋದನ್ನು ನೋಡಿದರೆ ದಾರಿ ಸ್ವಲ್ಪ ಕಾಣುತ್ತದೆ.

ನಿಲ್ಲಿಸುತ್ತಿದ್ದುದು ರುಚಿಯೋ, ರಸ್ತೆಯೋ?

ಮದ್ದೂರು ವಡೆ ಹುಟ್ಟಿದ್ದೇ ನಿಲುಗಡೆಯಿಂದ. ನೂರು ವರ್ಷಗಳಷ್ಟು ಹಿಂದೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅವರು, ರೈಲು ಬರೋ ಅವಸರದಲ್ಲಿ ಪಕೋಡದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ವಡೆ ಆಯ್ತು ಅನ್ನೋದು ಇಲ್ಲಿ ಎಲ್ಲರ ಬಾಯಲ್ಲಿರುವ ಕತೆ. ರೈಲು ನಿಲ್ಲುತ್ತಿತ್ತು, ವಡೆ ಖರ್ಚಾಗುತ್ತಿತ್ತು. ಒಂಟಿ ಹಳಿ ಇದ್ದಾಗ ಎದುರಿಂದ ಬರೋ ಗಾಡಿಗೆ ದಾರಿ ಬಿಡಲು ರೈಲು ಕಾಯಬೇಕಿತ್ತು. ಜೋಡಿ ಹಳಿ ಬಂದ ಮೇಲೆ ಆ ಕಾಯುವಿಕೆ ಹೋಯಿತು. ರಸ್ತೆಯಲ್ಲೂ ಆಗಿದ್ದು ಅದೇ. ಊರೊಳಗಿನ ಟ್ರಾಫಿಕ್, ಸಿಗ್ನಲ್, ಹಂಪ್ ಇವೆಲ್ಲ ಸೇರಿ ಕಾರಿನ ವೇಗ ತಗ್ಗಿಸುತ್ತಿದ್ದವು. ವೇಗ ತಗ್ಗಿದಾಗ ಬೋರ್ಡ್ ಕಾಣುತ್ತಿತ್ತು, ಎಣ್ಣೆ ವಾಸನೆ ಬರುತ್ತಿತ್ತು, ಗಾಡಿ ಪಕ್ಕಕ್ಕೆ ತಿರುಗುತ್ತಿತ್ತು.

ಅಂದರೆ ಅರ್ಧ ವ್ಯಾಪಾರ ರುಚಿಯಿಂದ, ಇನ್ನರ್ಧ ಅಡ್ಡಿಯಿಂದ ಬರುತ್ತಿತ್ತು. ರಸ್ತೆ ಕಿತ್ತುಕೊಂಡಿದ್ದು ಆ ಎರಡನೇ ಅರ್ಧವನ್ನು. ಅದು ತಿರುಗಿ ಬರಲ್ಲ. ಇತ್ತ ಮದ್ದೂರು ವಡೆ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲೂ ಸಿಗುತ್ತದೆ. ಹೆಸರು ಊರು ಬಿಟ್ಟು ಓಡಾಡ್ತಿದೆ, ದುಡ್ಡು ಮಾತ್ರ ಊರಿಗೆ ಬರ್ತಿಲ್ಲ.

ಮೈಸೂರಲ್ಲಿ ಹುಡುಕಿಕೊಂಡು ಹೋಗ್ತಾರಲ್ಲ, ಯಾಕೆ?

ಇದೇ ಪ್ರವಾಸಿಗರು ಮೈಸೂರಿಗೆ ಹೋಗಿ ಏನು ಮಾಡ್ತಾರೆ ನೋಡಿ. ನಜರ್‌ಬಾದ್‌ನಲ್ಲಿ ಮೈಲಾರಿ ದೋಸೆಗೆ ಸಾಲು ನಿಲ್ತಾರೆ. ಆ ಹೆಸರಿನ ಹೋಟೆಲ್ ಒಂದಕ್ಕಿಂತ ಹೆಚ್ಚಿವೆ, ಮೂಲ ಯಾವುದು ಅಂತ ಜಗಳ ಆಡ್ತಾನೇ ತಿಂತಾರೆ. ಜಾಗ ಚಿಕ್ಕದು, ಮೆನು ಅದಕ್ಕಿಂತ ಚಿಕ್ಕದು: ಮೆತ್ತನೆ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ, ಜೊತೆಗೆ ಇಡ್ಲಿ, ಕಾಫಿ. ಮಾಂಸಾಹಾರಿಗಳು ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಹುಡುಕಿ ಹೋಗ್ತಾರೆ. ಹಳಬರು ಚಾಮುಂಡಿಪುರಂನ ಗಾಯತ್ರಿ ಟಿಫನ್ ರೂಮ್‌ಗೆ ಹೋಗ್ತಾರೆ. ಊರಿಗೆ ವಾಪಸ್ ಬರೋವಾಗ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಳ್ತಾರೆ. ಅರಮನೆ ಅಡುಗೆಮನೆಯಲ್ಲಿ ಮೈಸೂರು ಪಾಕ್ ಮಾಡಿದರು ಎನ್ನಲಾಗುವ ಕಾಕಾಸುರ ಮಾದಪ್ಪನವರ ವಂಶಸ್ಥರ ಅಂಗಡಿ ಅದು.

ಇವು ಯಾವುವೂ ಹೆದ್ದಾರಿ ಪಕ್ಕದಲ್ಲಿಲ್ಲ. ಪಾರ್ಕಿಂಗ್ ಕಷ್ಟ, ಕಾಯೋದು ಗ್ಯಾರಂಟಿ. ಆದರೂ ಜನ ಹೋಗ್ತಾರೆ, ಯಾಕಂದ್ರೆ ಅಲ್ಲಿ ಏನು ಸಿಗುತ್ತೆ ಅನ್ನೋದು ಮನೆ ಬಿಡೋ ಮುಂಚೆನೇ ತೀರ್ಮಾನ ಆಗಿರುತ್ತೆ. ಒಂದೇ ಪದಾರ್ಥ, ಅದೇ ರುಚಿ, ಅದೇ ಹೊತ್ತು. ಹಳೇ ರಸ್ತೆಯ ಹೋಟೆಲ್‌ಗಳಲ್ಲಿ ಎಷ್ಟೋ ಕಡೆ ಇದಕ್ಕೆ ತದ್ವಿರುದ್ಧ. ನಾರ್ತ್ ಇಂಡಿಯನ್, ಚೈನೀಸ್, ಸೌತ್ ಇಂಡಿಯನ್ ಅಂತ ಬೋರ್ಡ್ ತುಂಬ ಇರುತ್ತೆ. ದಾರಿಹೋಕ ಗಿರಾಕಿಗೆ ಅದು ಸರಿ ಇತ್ತು. ದಾರಿಹೋಕನೇ ಇಲ್ಲದ ಮೇಲೆ, ಗೋಬಿ ಮಂಚೂರಿ ತಿನ್ನೋಕೆ ಹೆದ್ದಾರಿ ಬಿಟ್ಟು ಯಾರು ಇಳೀತಾರೆ?

ತಾಲ್ಲೂಕಿನಿಂದ ಹೋಗೋರ ದಿನ

ಇನ್ನೊಂದು ಮಗ್ಗುಲೂ ಇದೆ. ಮೈಸೂರು ಟ್ರಿಪ್ ಮಾಡೋರು ಬೆಂಗಳೂರಿನವರು ಮಾತ್ರ ಅಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ, ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಎಸಿ ಬಸ್ಸಿಗೆ ಇದು ಅನ್ವಯ ಆಗಲ್ಲ. ಮೈಸೂರು ನಗರದೊಳಗಿನ ಸಾಮಾನ್ಯ ಬಸ್ಸಿಗೂ ಇದೇ ಲೆಕ್ಕ. ಗುರುತಿನ ಚೀಟಿ ಬ್ಯಾಗಲ್ಲಿದ್ದರೆ ಸಾಕು. ಮದ್ದೂರು, ಮಂಡ್ಯದ ಮನೆಯವರಿಗೆ ಮೈಸೂರು ಈಗ ಒಂದು ಭಾನುವಾರದ ಮಾತು.

ಹಾಗೆ ಹೋಗೋರು ಕೆಲವು ಸಂಗತಿ ನೆನಪಿಟ್ಟರೆ ದಿನ ಹಾಳಾಗಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ, ಉಳಿದ ದಿನ ಬೆಳಗ್ಗೆ 8.30ಕ್ಕೇ ತೆರೆಯುತ್ತದೆ. ಬಿಸಿಲೇರೋ ಮುಂಚೆ ಮೊದಲು ಅದನ್ನೇ ಮುಗಿಸಿಕೊಳ್ಳೋದು ಒಳ್ಳೇದು. ಅರಮನೆ ಬೆಳಗ್ಗೆ 10ರಿಂದ ಸಂಜೆ 5.30ರವರೆಗೆ. ಭಾನುವಾರ, ಸರ್ಕಾರಿ ರಜೆ ದಿನ ಸಂಜೆ 7ರ ಸುಮಾರಿಗೆ ದೀಪ ಹಾಕ್ತಾರೆ. ಅರಮನೆ ಮುಗಿಸಿ ದೀಪಕ್ಕೆ ಕಾಯೋ ಒಂದೂವರೆ ಗಂಟೆಗೆ ಹತ್ತಿರದ ದೇವರಾಜ ಮಾರುಕಟ್ಟೆಗಿಂತ ಒಳ್ಳೆ ಜಾಗ ಇಲ್ಲ. ಹೂವು, ವೀಳ್ಯದೆಲೆ, ಕುಂಕುಮ, ಬಾಳೆಹಣ್ಣು ಎಲ್ಲ ಅಲ್ಲೇ. ಬೇಗ ಹೊರಡೋ ಮಂದಿ ಬೆಟ್ಟ ಹತ್ತಿ ಚಾಮುಂಡೇಶ್ವರಿ ದರ್ಶನ ಮಾಡಿಯೂ ಇದನ್ನೆಲ್ಲ ನೋಡಬಹುದು.

ಅಂಗಡಿಯವರು ಗಮನಿಸಬೇಕಾದ್ದು ಇದು: ಬಸ್ ಚಾರ್ಜ್ ಉಳಿದ ದುಡ್ಡು ಮನೇಲಿ ಕೂರಲ್ಲ. ಅದು ದೋಸೆಗೆ, ಬಳೆಗೆ, ಮಕ್ಕಳ ಆಟದ ಸಾಮಾನಿಗೆ ಹೋಗುತ್ತೆ. ಸದ್ಯಕ್ಕೆ ಬಹುಪಾಲು ಮೈಸೂರಲ್ಲೇ ಹೋಗ್ತಿದೆ.

ಹಳೇ ರಸ್ತೆಯಲ್ಲಿ ಉಳಿದಿರೋದು ಯಾರು?

2023ರ ಆಗಸ್ಟ್ 1ರಿಂದ ಮುಖ್ಯ ಹೆದ್ದಾರಿಗೆ ಬೈಕ್, ಆಟೋ, ಟ್ರ್ಯಾಕ್ಟರ್ ಪ್ರವೇಶ ಇಲ್ಲ. ಅವೆಲ್ಲ ಸರ್ವಿಸ್ ರಸ್ತೆ, ಹಳೇ ರಸ್ತೆಯಲ್ಲೇ ಬರಬೇಕು. ಊರೂರಿಗೆ ನಿಲ್ಲಿಸೋ ಸಾಮಾನ್ಯ ಬಸ್ಸೂ ಪೇಟೆಯೊಳಗೇ ಬರುತ್ತೆ. ವೀಕೆಂಡ್ ಬಂದರೆ ಬೆಂಗಳೂರಿನ ಬೈಕ್ ಹುಡುಗರ ಗುಂಪುಗಳಿಗೂ ಇದೇ ದಾರಿ. ಕಾರಿನ ಗಿರಾಕಿ ಹೋದ ಅನ್ನೋ ಸಂಕಟದಲ್ಲಿ, ಬಾಗಿಲ ಮುಂದೆ ಇಳಿಯೋ ಈ ಗಿರಾಕಿಯನ್ನು ಕಡೆಗಣಿಸಿದರೆ ನಷ್ಟ ಇಮ್ಮಡಿ.

ಬಸ್ಸಿನಲ್ಲಿ ಇಳಿಯೋ ಹೆಂಗಸರು ಮೊದಲು ಕೇಳೋದು ಶೌಚಾಲಯ ಎಲ್ಲಿದೆ ಅಂತ. ಆಮೇಲೆ ಕೂರೋಕೆ ಜಾಗ, ಆಮೇಲೆ ಕಾಫಿ. ಬೈಕಿನವರಿಗೆ ಬೇಕಾದ್ದು ಬೆಳಗ್ಗೆ ಆರೂವರೆಗೇ ಬಿಸಿ ತಿಂಡಿ, ಹೆಲ್ಮೆಟ್ ಇಡೋಕೆ ಜಾಗ. ಕಾರಿನವನಿಗಿದ್ದ ದೊಡ್ಡ ಫ್ಯಾಮಿಲಿ ಹಾಲ್ ಇವರಿಗೆ ಬೇಡ. ಚೊಕ್ಕ ಶೌಚಾಲಯ ಇರೋ ಚಿಕ್ಕ ಹೋಟೆಲ್‌ಗೇ ಇವರು ಮತ್ತೆ ಬರೋದು.

ಇಳಿದರೆ ಟೋಲ್ ಹೆಚ್ಚಾಗಲ್ಲ

ಕಾರಿನವರನ್ನು ಪೂರ್ತಿ ಕೈಬಿಡಬೇಕಾಗಿಯೂ ಇಲ್ಲ. ಹೆದ್ದಾರಿ ಬಿಟ್ಟು ಇಳಿದರೆ ಮತ್ತೆ ಟೋಲ್ ಕಟ್ಟಬೇಕೇನೋ ಅನ್ನೋ ಅನುಮಾನ ಬಹಳ ಜನಕ್ಕಿದೆ. ಈಗಿರೋ ವ್ಯವಸ್ಥೆಯಲ್ಲಿ ಒಂದು ದಿಕ್ಕಿಗೆ ಹೋಗೋ ಗಾಡಿ ಟೋಲ್ ಕಟ್ಟೋದು ಎರಡು ಕಡೆ: ಒಂದು ಬಿಡದಿ ಭಾಗದಲ್ಲಿ, ಇನ್ನೊಂದು ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ. ಚನ್ನಪಟ್ಟಣ, ಮದ್ದೂರು, ಮಂಡ್ಯ ಮೂರೂ ಇವೆರಡರ ನಡುವೆ ಬರುತ್ತವೆ. ಇಲ್ಲಿ ಇಳಿದು, ತಿಂದು, ಮತ್ತೆ ಹತ್ತಿದರೆ ಟೋಲ್ ಏರಲ್ಲ. ಈ ಒಂದು ಮಾತನ್ನು ಹೋಟೆಲ್‌ನವರು ತಮ್ಮ ಬೋರ್ಡಿನಲ್ಲಿ, ಮೊಬೈಲ್ ಮ್ಯಾಪ್ ಪುಟದಲ್ಲಿ ಹಾಕಿದರೆ ಖರ್ಚೇನೂ ಇಲ್ಲ. ಎಲ್ಲಿ ಇಳಿಯಬೇಕು, ತಿಂದ ಮೇಲೆ ಎಲ್ಲಿ ಹತ್ತಬೇಕು ಅನ್ನೋದೂ ಜೊತೆಗಿರಬೇಕು.

ಇಳಿದವರಿಗೆ ವಡೆ ಜೊತೆ ಇನ್ನೊಂದು ಕಾರಣವೂ ಬೇಕು. ಮದ್ದೂರಿಗೆ ಅದು ಇದೆ. 1938ರ ಧ್ವಜ ಸತ್ಯಾಗ್ರಹದ ನೆನಪಿನ ಶಿವಪುರದ ಸೌಧ ಪೇಟೆ ಪಕ್ಕದಲ್ಲೇ ಇದೆ. ಉಗ್ರನರಸಿಂಹ ಸ್ವಾಮಿ, ಹೊಳೆ ಆಂಜನೇಯ ದೇವಸ್ಥಾನಗಳಿವೆ. ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಲ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯೋದನ್ನು, ಅರಗಿನ ಬಣ್ಣ ಹತ್ತಿಸೋದನ್ನು ಕಣ್ಣೆದುರೇ ನೋಡಬಹುದು. ಬೊಂಬೆ ಆನ್‌ಲೈನ್‌ನಲ್ಲೂ ಸಿಗುತ್ತೆ, ಮಗುವಿನ ಮುಂದೆ ಬುಗುರಿ ತಯಾರಾಗೋದು ಅಲ್ಲಿ ಸಿಗಲ್ಲ.

ಒಬ್ಬರ ಕೈಲಿ ಆಗೋ ಕೆಲಸ ಅಲ್ಲ

ಅಂಗಡಿಯವರು ತಮ್ಮ ಪಾಲಿನದು ಮಾಡಬಹುದು. ಉಳಿದದ್ದು ಆಡಳಿತದ ಪಾಲು. ಹೆದ್ದಾರಿಯಲ್ಲಿ ಊರಿನ ಹೆಸರಿನ ಜೊತೆ ಅಲ್ಲಿ ಏನಿದೆ ಅಂತ ಹೇಳೋ ದೊಡ್ಡ ಫಲಕ ಬೇಕು. ಇಳಿಯೋ, ಹತ್ತೋ ಜಾಗ ಅಪಾಯ ಇಲ್ಲದ ಹಾಗಿರಬೇಕು. ಹಳೇ ರಸ್ತೆಯ ಗುಂಡಿ, ಬೀದಿದೀಪ, ಬಸ್ ನಿಲ್ದಾಣದ ಶೌಚಾಲಯ ನೋಡಿಕೊಳ್ಳಲು ಸ್ಥಳೀಯ ಆಡಳಿತ ಹಣ ಇಡಬೇಕು. ಹೆದ್ದಾರಿ ಬದಿಯಲ್ಲಿ ಮುಂದೆ ತಂಗುದಾಣಗಳು ಬಂದರೆ, ಅಲ್ಲಿನ ಮಳಿಗೆಗಳಲ್ಲಿ ಮದ್ದೂರು ವಡೆ ಮದ್ದೂರಿನವರೇ, ಬೊಂಬೆ ಚನ್ನಪಟ್ಟಣದ ಕುಶಲಕರ್ಮಿಗಳೇ ಮಾರುವ ಹಾಗೆ ಷರತ್ತು ಹಾಕಿಸಿಕೊಳ್ಳಬೇಕು. ಟೆಂಡರ್ ಆದ ಮೇಲೆ ಧರಣಿ ಕೂತು ಪ್ರಯೋಜನ ಇಲ್ಲ. ವರ್ತಕರ ಸಂಘಗಳು ಜನಪ್ರತಿನಿಧಿಗಳ ಬಳಿ ಈ ಮಾತು ಎತ್ತಬೇಕಾದ ಹೊತ್ತು ಅದಕ್ಕಿಂತ ಮೊದಲಿನದು.

ಗೂಡಂಗಡಿ, ಕಾಫಿ ಸ್ಟಾಲ್, ವಡೆ ಬಾಣಲೆ ಮುಂದೆ ನಿಂತ ಭಟ್ಟರು, ಬೊಂಬೆಗೆ ಬಣ್ಣ ಹತ್ತಿಸೋ ಹೆಣ್ಣುಮಕ್ಕಳು, ಇಷ್ಟು ಮಂದಿಯ ಸಂಬಳ ಒಂದು ಕಾರಿನ ಅರ್ಧ ಗಂಟೆ ನಿಲುಗಡೆ ಮೇಲೆ ನಿಂತಿತ್ತು. ಆ ಅರ್ಧ ಗಂಟೆಯನ್ನು ಈಗ ರಸ್ತೆ ಕೊಡಲ್ಲ, ಊರೇ ಗಳಿಸಿಕೊಳ್ಳಬೇಕು. ದಸರಾಕ್ಕೆ ಮೈಸೂರು ತುಂಬಿ ಹೋಟೆಲ್ ಮುಂದೆ ಸಾಲು ಉದ್ದವಾದಾಗ, ತಿಂಡಿ ದಾರಿಯಲ್ಲೇ ಮುಗಿಸೋಣ ಅನ್ನೋ ಯೋಚನೆ ಬಹಳ ಮಂದಿಗೆ ಬರುತ್ತೆ. ಆ ಯೋಚನೆ ಬಂದ ಕ್ಷಣಕ್ಕೆ ಮದ್ದೂರಿನ ಹೆಸರು, ಇಳಿಯೋ ಜಾಗ, ಬಿಸಿ ವಡೆ ಮೂರೂ ಅವರ ಕಣ್ಣಿಗೆ ಬೀಳೋ ಹಾಗೆ ಮಾಡೋದೇ ಸದ್ಯದ ಕೆಲಸ.