ರಾಜೀನಾಮೆ ಬೇಡ, ಲೆಕ್ಕ ಕೊಡಿ

ಹಾಸ್ಟೆಲಿನ ಗೆಳೆಯರೇ,

ಕುದೂರು, ಸೋಲೂರು, ತಿಪ್ಪಸಂದ್ರದ ಕಡೆಯ ಕೇರಿಗಳಿಂದ ಬೆಳಗಿನ ಬಸ್ಸು ಹತ್ತಿ ದಾಬಸ್‌ಪೇಟೆಗೆ, ನೆಲಮಂಗಲಕ್ಕೆ, ಪೀಣ್ಯಕ್ಕೆ ಹೋಗುವವರು ಯಾರು? ನಿಮ್ಮ ಅವ್ವ, ನಿಮ್ಮ ಅಕ್ಕ, ನಿಮ್ಮ ಚಿಕ್ಕಪ್ಪ. ಒಂದು ದಿನ ಫ್ಯಾಕ್ಟರಿಯವರು ಆರ್ಡರ್ ಇಲ್ಲ ಅಂತಾರೆ. ಸಾಲಾಗಿ ನಿಲ್ಲಿಸಿ ಕೈಗೊಂದು ಅಚ್ಚಾದ ಕಾಗದ ಕೊಡ್ತಾರೆ. "ಇಲ್ಲೊಂದು ಸೈನ್ ಹಾಕಮ್ಮ, ನಿನ್ನ ಸೆಟ್ಲ್‌ಮೆಂಟ್ ಮಾಡ್ಬುಡ್ತೀವಿ." ಕಾಗದದ ಒಳಗೆ ಇರೋದು ಬೇರೆ: ನನ್ನ ಸ್ವಂತ ಕಾರಣದಿಂದ, ಯಾರ ಒತ್ತಾಯವೂ ಇಲ್ಲದೆ, ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ.

ಕೆಲಸದಿಂದ ತೆಗೆದವನು ಮಾಲೀಕ. ಬಿಟ್ಟವಳು ಅವ್ವ ಅಂತ ಬರೆಸಿಕೊಳ್ಳುತ್ತಾನೆ. ಯಾಕೆ? ಯಾಕಂದ್ರೆ ತೆಗೆದರೆ ಪರಿಹಾರ ಕೊಡಬೇಕು, ತಾನಾಗಿ ಬಿಟ್ಟರೆ ಕೊಡಬೇಕಾಗಿಲ್ಲ. ಇಷ್ಟೇ ಈ ಕಾಗದದ ಮರ್ಮ.

ಆ ಪರಿಹಾರ ಎಷ್ಟು? 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ 25ಎಫ್ ಅನ್ನುವ ಕಲಮು ಸೇರಿಸಿದರು. ಒಂದು ವರ್ಷ ಸೇವೆ ಮುಗಿಸಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು, ಇಲ್ಲದಿದ್ದರೆ ಆ ತಿಂಗಳ ಸಂಬಳ. ಜೊತೆಗೆ ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಬಂದರೂ ಈ ಎರಡು ಬಾಬ್ತು ಉಳಿದಿವೆ. ಇನ್ನು ವರ್ಷ ಅಂದರೆ ಎಷ್ಟು ದಿನ? 240 ದಿನ ಕೆಲಸ ಮಾಡಿದ್ದರೆ ಸಾಕು. ಸಂಬಳ ಸಹಿತ ವಾರದ ರಜೆ, ಹಬ್ಬದ ರಜೆಯೂ ಈ ಲೆಕ್ಕಕ್ಕೆ ಸೇರುತ್ತವೆ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಫ್ಯಾಕ್ಟರಿ ಸಣ್ಣದು, ನಮಗೆ ಕಾನೂನು ಇಲ್ಲ ಅನ್ನೋ ಮಾತನ್ನು ನಂಬಬೇಡಿ. ಈ ಪರಿಹಾರಕ್ಕೆ ಇಷ್ಟು ಜನ ಇರಬೇಕು ಅನ್ನುವ ಷರತ್ತಿಲ್ಲ.

ಬಿ.ಕಾಂ. ಓದುವವರು ಪೆನ್ನು ತೆಗೆಯಿರಿ. ಅವ್ವನ ಮೂಲವೇತನ, ತುಟ್ಟಿಭತ್ಯೆ ಸೇರಿ 13,000. ಸೇವೆ 9 ವರ್ಷ. ಪರಿಹಾರ ವರ್ಷಕ್ಕೆ 6,500ರಂತೆ 58,500. ನೋಟೀಸಿನ ಸಂಬಳ 13,000. ಗ್ರಾಚ್ಯುಟಿಯಲ್ಲಿ ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. ದಿನಕ್ಕೆ 500, 15 ದಿನಕ್ಕೆ 7,500, ಒಂಬತ್ತು ವರ್ಷಕ್ಕೆ 67,500. ಒಟ್ಟು 1,39,000 ರೂಪಾಯಿ. ಐದು ವರ್ಷ ಮುಗಿದಿದ್ದರೆ ಗ್ರಾಚ್ಯುಟಿಯನ್ನು ರಾಜೀನಾಮೆ ಕೊಟ್ಟರೂ ಕೊಡಲೇಬೇಕು. ಮಿಕ್ಕ 71,500 ಮಾತ್ರ ಆ ಒಂದು ಸಹಿಗೆ ಮಾಯ. ನಿಮ್ಮ ಮೂರು ವರ್ಷದ ಡಿಗ್ರಿ ಖರ್ಚು ಅದರಲ್ಲಿತ್ತು.

"ಪಿ.ಎಫ್. ಬರ್ತದಲ್ಲ, ಇನ್ನೇನು?" ಅನ್ನುತ್ತಾನೆ ಸೂಪರ್‌ವೈಸರ್. ಪಿ.ಎಫ್. ಮಾಲೀಕನ ದಾನವಲ್ಲ, ಪರಿಹಾರವೂ ಅಲ್ಲ. ಅದು ಅವಳದೇ ದುಡ್ಡು. 2016ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯೋದಕ್ಕೆ ಕೇಂದ್ರ ಸರ್ಕಾರ ಅಡ್ಡಗಾಲು ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ಲೀಡರನ್ನೂ ಕಾಯದೆ ರಸ್ತೆಗೆ ಬಂದರು. ಎರಡೇ ದಿನದಲ್ಲಿ ಸರ್ಕಾರ ಆದೇಶ ವಾಪಸ್ ತಗೊಂಡಿತು. ಓದಿದವರು ನಾವು ಆಗ ಎಲ್ಲಿದ್ದೆವು ಅನ್ನೋದು ಬೇರೆ ಮಾತು.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2020ರ ಜೂನಿನಲ್ಲಿ, ಕೊರೋನಾ ಹೊತ್ತಿನಲ್ಲಿ, ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಘಟಕದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನವರು ಸಾವಿರಕ್ಕೂ ಹೆಚ್ಚು ಜನರಿಗೆ ಲೇ-ಆಫ್ ಅಂದರು. ಬಹುಪಾಲು ಹೆಂಗಸರು. ಅವರು ವಾರಗಟ್ಟಲೆ ಅಲ್ಲೇ ಧರಣಿ ಕೂತರು. ಸರ್ಕಾರದ ಅನುಮತಿ ಎಲ್ಲಿ ಎಂಬುದು ಅವರ ಜಗಳ. ಆಗ 100 ಜನ ಇರುವ ಫ್ಯಾಕ್ಟರಿ ಅನುಮತಿ ಇಲ್ಲದೆ ಜನರನ್ನು ತೆಗೆಯುವಂತಿರಲಿಲ್ಲ. ಸಂಹಿತೆ ಆ 100ನ್ನು 300 ಮಾಡಿದೆ. 290 ಜನರ ಫ್ಯಾಕ್ಟರಿ ಈಗ ಯಾರನ್ನೂ ಕೇಳಬೇಕಾಗಿಲ್ಲ. ಇದನ್ನು ಸುಧಾರಣೆ ಅಂತ ಕರೆಯುತ್ತಾರೆ! ಇನ್ನೊಂದು ಬಲೆ ಗೊತ್ತುಪಡಿಸಿದ ಅವಧಿಯ ನೇಮಕ. ಅವಧಿ ಮುಗಿದು ಮನೆಗೆ ಕಳಿಸಿದರೆ ಅದು ತೆಗೆದಂತೆ ಆಗುವುದೇ ಇಲ್ಲ, ಪರಿಹಾರವೂ ಇಲ್ಲ. ವರ್ಷ ತುಂಬಿದ್ದರೆ ಗ್ರಾಚ್ಯುಟಿ ಮಾತ್ರ. ಗುತ್ತಿಗೆ ಕೆಲಸದವರ ಪಾಡು ಹೇಳುವುದೇ ಬೇಡ. ನಿಮಗೆ ದಿನಾ ಮುದ್ದೆ ಬಡಿಸುವ ಅಡುಗೆಯವರು ಹೊರಗುತ್ತಿಗೆಯವರೋ ಅಲ್ಲವೋ, ಅವರ ಮಾಲೀಕ ಯಾರು, ಒಂದು ಸಲ ಕೇಳಿ ನೋಡಿ.

ಬಾಬಾಸಾಹೇಬರ ಫೋಟೋ ಗೋಡೆ ಮೇಲಿದೆ. 1938ರ ನವೆಂಬರ್ 7ರಂದು ಮುಂಬಯಿಯ ಕಾರ್ಮಿಕರು ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಮುಷ್ಕರ ಹೂಡಿದಾಗ ಅದರ ಮುಂದಾಳುಗಳಲ್ಲಿ ಅವರೂ ಒಬ್ಬರು. ಮಸೂದೆಯ ಕಲಮು ಕಲಮನ್ನೂ ಓದಿಯೇ ಅವರು ಬೀದಿಗೆ ಬಂದದ್ದು. ನಾವು ಅವ್ವನ ಸಂಬಳದ ಚೀಟಿಯನ್ನಾದರೂ ಓದಿದ್ದೀವಾ?

ಮನೆಯಲ್ಲಿ ಹೇಳಿಬಿಡಿ: ಕಾಗದ ಕೊಟ್ಟರೆ ಮನೆಗೆ ತಂದು ತೋರಿಸಲಿ, ಅಲ್ಲೇ ಸಹಿ ಹಾಕೋದು ಬೇಡ. ಬಲವಂತದಿಂದ ಸಹಿ ಮಾಡಿಸಿಕೊಂಡಿದ್ದರೆ ಮಾರನೇ ದಿನವೇ ಹಾಗಂತ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಂಪನಿಗೂ ಕಾರ್ಮಿಕ ಇಲಾಖೆಗೂ ಕಳಿಸಿ. ದೂರು ಹೋಗಬೇಕಾದ್ದು ಫ್ಯಾಕ್ಟರಿ ಇರುವ ಜಿಲ್ಲೆಯ ಕಚೇರಿಗೆ. ದಾಬಸ್‌ಪೇಟೆಯದಾದರೆ ಬೆಂಗಳೂರು ಗ್ರಾಮಾಂತರಕ್ಕೆ. ಕೆಲಸ ಹೋದವರು ನ್ಯಾಯಮಂಡಳಿಗೆ ಹೋಗಲು ಮುಂಚೆ ಮೂರು ವರ್ಷ ವಾಯಿದೆ ಇತ್ತು, ಹೊಸ ಸಂಹಿತೆಯಲ್ಲಿ ಎರಡೇ ವರ್ಷ. ಈ ಭಾನುವಾರ ಊರಿಗೆ ಹೋದಾಗ ಹಾಜರಿ ಕಾರ್ಡು, ಸಂಬಳದ ಚೀಟಿ, ಪಿ.ಎಫ್. ನಂಬರು ಎಲ್ಲಿವೆ ನೋಡಿ. ಟ್ರಂಕಿನಲ್ಲಿದ್ದರೆ ಒಂದೊಂದು ಜೆರಾಕ್ಸ್ ಮಾಡಿಸಿ ತನ್ನಿ.