ಮೋಟಾರಿನ ಸಾಲವೂ ಗಿರಾಕಿಯ ಸ್ವಾತಂತ್ರ್ಯವೂ

ಆಯುಧಪೂಜೆಯು ಸಮೀಪಿಸಿತೆಂದರೆ ಊರೂರಿನ ಷೋರೂಮುಗಳಲ್ಲಿ ಹೊಸ ಕಾರುಗಳಿಗೆ ಹಾರ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿಟ್ಟು ಹೊರಡಿಸುವ ಸಂಭ್ರಮವನ್ನು ಕಾಣುತ್ತೇವೆ. ಇದನ್ನು ನಾವು ಆಕ್ಷೇಪಿಸತಕ್ಕವರಲ್ಲ. ಸಂಬಳದಿಂದ ಜೀವಿಸುವ ಗೃಹಸ್ಥನೊಬ್ಬನು ತನ್ನ ವೃದ್ಧ ಮಾತಾಪಿತೃಗಳನ್ನು ಬಸ್ಸಿನ ನೂಕುನುಗ್ಗಲಿನಿಂದ ಪಾರುಮಾಡಿದನೆಂದರೆ ಅದು ಸಂತೋಷದ ಸಂಗತಿಯೇ ಸರಿ. ನಮ್ಮ ಆಕ್ಷೇಪಣೆಯೇನಿದ್ದರೂ ಕಾರನ್ನು ಮಾರತಕ್ಕವನೇ ಸಾಲವನ್ನೂ ಗೊತ್ತುಮಾಡಿಕೊಡುವ ಪದ್ಧತಿಯ ವಿಷಯದಲ್ಲಿ.

ಡೀಲರನು ಸಾಮಾನ್ಯವಾಗಿ ಸ್ವಂತ ಹಣವನ್ನು ಸಾಲ ಕೊಡುವವನಲ್ಲ. ಯಾವುದೋ ಬ್ಯಾಂಕಿನ ಅಥವಾ ಹಣಕಾಸಿನ ಕಂಪನಿಯ ಸಾಲವನ್ನು ಒದಗಿಸಿಕೊಟ್ಟು, ಅದಕ್ಕಾಗಿ ದಸ್ತೂರಿ ಪಡೆಯುವುದು ವಾಡಿಕೆ. ದಸ್ತೂರಿ ಪಡೆಯುವುದು ಪಾಪವೆಂದು ನಾವು ಹೇಳುವುದಿಲ್ಲ. ಆದರೆ ಸಾಲ ಕೊಡುವವನಿಂದ ದಸ್ತೂರಿ ಪಡೆಯುವವನು ಸಾಲ ತೆಗೆದುಕೊಳ್ಳುವವನ ವಕೀಲನಾಗುವುದೆಂತು? ಕಾರಿನ ಬೆಲೆ, ಸಾಲದ ಬಡ್ಡಿ, ವಿಮೆಯ ಹಣ, ಈ ಮೂರು ಬೇರೆ ಬೇರೆ ವ್ಯಾಪಾರಗಳನ್ನು ಒಂದೇ ಮೇಜಿನ ಮುಂದೆ ಒಬ್ಬನೊಡನೆಯೇ ಮಾಡಲು ಕುಳಿತ ಗಿರಾಕಿಗೆ, ಬೆಲೆಯಲ್ಲಿ ತಾನು ಗೆದ್ದುದು ಬಡ್ಡಿಯಲ್ಲಿ ಹೋಯಿತೆಂಬುದು ತಿಳಿಯುವುದೇ ಇಲ್ಲ.

ಕಳೆದ ವರ್ಷ ನಮ್ಮ ಸೋದರಳಿಯನೊಡನೆ ಇಂತಹ ಒಂದು ಮಳಿಗೆಗೆ ನಾವೂ ಹೋಗಿದ್ದೆವು. ಗುಮಾಸ್ತನು ಕೇಳಿದ ಮೊದಲನೆಯ ಪ್ರಶ್ನೆ: "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ, ಸಾರ್?" ಪ್ರಶ್ನೆಯು ವಿನಯದಿಂದ ಕೂಡಿತ್ತು. ಅದರ ಒಳಗಿನ ಕೊಕ್ಕೆಯು ಕಾಣುವಂತಹುದಲ್ಲ. 8 ಲಕ್ಷ ರೂಪಾಯಿಯ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ 5 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು 16,607 ರೂ. ಕಂತು ಭಾರವಾಯಿತೆಂದು 7 ವರ್ಷಗಳಿಗೆ ಎಳೆದರೆ ಅದು 12,871 ರೂಪಾಯಿಗೆ ಇಳಿಯುತ್ತದೆ. ಆದರೆ 2 ಲಕ್ಷದೊಳಗಿದ್ದ ಒಟ್ಟು ಬಡ್ಡಿಯು 2 ಲಕ್ಷ 81 ಸಾವಿರವನ್ನು ದಾಟುತ್ತದೆ.

ಇದಕ್ಕಿಂತಲೂ ಮೋಸಗೊಳಿಸುವುದು 'ಫ್ಲಾಟ್' ದರವೆಂಬ ಲೆಕ್ಕ. ಬ್ಯಾಂಕು ಶೇಕಡಾ 9 ಎನ್ನುವಲ್ಲಿ ಒಬ್ಬನು ಶೇಕಡಾ 7 ಫ್ಲಾಟ್ ಎಂದನೆಂದಿಟ್ಟುಕೊಳ್ಳಿ. ಯಾರಾದರೂ ಎರಡನೆಯದಕ್ಕೇ ಒಲಿಯುವರು. ಆದರೆ ಬ್ಯಾಂಕು ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕಿದರೆ, ಇವನು ತೀರಿಹೋದ ಅಸಲಿನ ಮೇಲೆಯೂ ಕೊನೆಯವರೆಗೆ ಬಡ್ಡಿ ಹಾಕುತ್ತಾನೆ. ಅದೇ 8 ಲಕ್ಷಕ್ಕೆ 5 ವರ್ಷಗಳಲ್ಲಿ 2,80,000 ರೂ. ಬಡ್ಡಿ, ತಿಂಗಳಿಗೆ 18,000 ರೂ. ಕಂತು. ಬ್ಯಾಂಕಿನ ಪರಿಭಾಷೆಯಲ್ಲಿ ಈ 'ಏಳು' ಎಂಬುದು ಹೆಚ್ಚುಕಡಿಮೆ ಹನ್ನೆರಡೂವರೆ! ಗಿರಾಕಿಗೆ ನಷ್ಟ 83,580 ರೂ.

ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಯಿಂದ ದಿನವಹಿ ಎರಡಾಣೆಯನ್ನೂ ಸಂಗ್ರಹಿಸಿತು. ಎರಡಾಣೆಗೂ ಲೆಕ್ಕವಿಟ್ಟ ಆ ಜನರ ಮೊಮ್ಮಕ್ಕಳು ಇಂದು ಹತ್ತಾರು ಪುಟಗಳ ಇಂಗ್ಲಿಷ್ ಕರಾರುಪತ್ರಕ್ಕೆ, ಮುಹೂರ್ತ ಮೀರುವುದೆಂಬ ಅವಸರದಲ್ಲಿ, ಓದದೆ ರುಜು ಹಾಕುವುದನ್ನು ಕಂಡರೆ ವ್ಯಸನವಾಗುತ್ತದೆ.

ಹೀಗಾಗಬೇಕಾದ ನಿರ್ಬಂಧವೇನೂ ಇಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂತಹ ಸಾಲಗಳಿಗೆ, ಎಲ್ಲ ಖರ್ಚುಗಳೂ ಸೇರಿದ ವಾರ್ಷಿಕ ದರವನ್ನು ತೋರಿಸುವ 'ಮುಖ್ಯಾಂಶಗಳ ಪತ್ರ'ವನ್ನು ಮುಂಚಿತವಾಗಿ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರತಕ್ಕದ್ದು. ವಿಚಾರಮಾಡಲು ಕನಿಷ್ಠ 3 ಕೆಲಸದ ದಿನಗಳ ಅವಕಾಶವಿರತಕ್ಕದ್ದು. ಕನ್ನಡದಲ್ಲಿ ಕೊಡಿರೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಕೇಳದ ಹಕ್ಕನ್ನು ಯಾರೂ ಮನೆಗೆ ತಂದುಕೊಡುವುದಿಲ್ಲ. ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಿಂದಲೂ ವರ್ಷಕ್ಕೊಮ್ಮೆ ತಮ್ಮ ಸಾಲಚರಿತ್ರೆಯ ವರದಿಯನ್ನು ಉಚಿತವಾಗಿ ಪಡೆಯಬಹುದು. ಅದನ್ನು ನೋಡಿಕೊಂಡು, ಸಂಬಳ ಜಮೆಯಾಗುವ ಬ್ಯಾಂಕಿನಲ್ಲಿಯೂ ಇನ್ನೊಂದೆರಡು ಕಡೆಗಳಲ್ಲಿಯೂ ವಿಚಾರಿಸಿ, ಮಂಜೂರಾತಿಯ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡ ಬಳಿಕವೇ ಕಾರನ್ನು ನೋಡಲು ಹೋಗತಕ್ಕದ್ದು. ಆಗ ಷೋರೂಮಿನಲ್ಲಿ ಮಾತನಾಡಬೇಕಾದುದು ಕಾರಿನ ಬೆಲೆಯೊಂದೇ. ವಿಮೆಯನ್ನು ಕೂಡ ಅಲ್ಲಿಯೇ ಕೊಳ್ಳಬೇಕೆಂಬ ಕಾನೂನಿಲ್ಲ.

ಡೀಲರನ ಸಾಲವೇ ಅಗ್ಗವಾಗಿರುವ ಸಂದರ್ಭಗಳೂ ಉಂಟೆಂಬುದನ್ನು ನಾವು ಮರೆಮಾಚುವುದಿಲ್ಲ. ಸರಕು ಖರ್ಚಾಗದಿದ್ದಾಗ ಕಾರಿನ ತಯಾರಕರೇ ಬಡ್ಡಿಯ ಒಂದು ಭಾಗವನ್ನು ಹೊರುವುದುಂಟು. ಅಂತಹ ಸಮಯದಲ್ಲಿ, ಅಗ್ಗದ ಬಡ್ಡಿಗಾಗಿ ಬೆಲೆಯ ರಿಯಾಯಿತಿಯನ್ನು ಬಿಟ್ಟುಕೊಡಬೇಕೇ ಎಂದು ಕೇಳಿ, ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರಾಯಿತು. ಬಡ್ಡಿಯು ಸ್ಥಿರವೋ ಚರವೋ ಎಂಬುದನ್ನೂ ಗಮನಿಸಬೇಕು. 2026ರ ಜನವರಿ 1ರಿಂದ ಮಂಜೂರಾದ ಚರ ಬಡ್ಡಿಯ ಸ್ವಂತ ಬಳಕೆಯ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ತೆಗೆದುಕೊಳ್ಳುವಂತಿಲ್ಲ. ಸ್ಥಿರ ಬಡ್ಡಿಯ ಸಾಲಕ್ಕೆ ಈ ರಕ್ಷಣೆಯಿಲ್ಲ.

ಇನ್ನು ಅಧಿಕಾರಿವರ್ಗದವರಿಗೆ ಒಂದು ಮಾತು. ಸಾಲವೊಂದಕ್ಕೆ ಡೀಲರನಿಗೆ ಸಲ್ಲುವ ದಸ್ತೂರಿಯೆಷ್ಟೆಂಬುದನ್ನು ಅದೇ ಮುಖ್ಯಾಂಶಗಳ ಪತ್ರದಲ್ಲಿ, ಅದೇ ದಪ್ಪ ಅಕ್ಷರಗಳಲ್ಲಿ ಕಾಣಿಸುವಂತೆ ರಿಸರ್ವ್ ಬ್ಯಾಂಕು ವಿಧಿಸಬೇಕೆಂದು ನಮ್ಮ ಅಭಿಪ್ರಾಯ. ಒಂದು ಸಾಲು ಹೆಚ್ಚಾದರೆ ಕಾಗದಕ್ಕೇನೂ ಭಾರವಾಗದು.