ಬಂದಿಯ ಮುಖ, ಸೆರೆಮನೆಯ ಮುಸುಕು

ಕೆಲವು ವರ್ಷಗಳ ಹಿಂದೆ, ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ, ನೆರೆಮನೆಯ ರಾಯರು ನಮ್ಮ ಬಾಗಿಲು ತಟ್ಟಿ, "ಸ್ವಾಮಿ, ತಮಗೆ ಇದೆಲ್ಲ ಸ್ವಲ್ಪ ತಿಳಿಯುತ್ತದೆ, ದಯವಿಟ್ಟು ಒಂದು ಗಳಿಗೆ ಬಂದು ನೋಡಿಕೊಡಬೇಕು" ಎಂದು ನಡುಗುವ ದನಿಯಲ್ಲಿ ಕೇಳಿಕೊಂಡರು. ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದ ಅವರ ಮಗನನ್ನು ಪೊಲೀಸರು ಹಿಡಿದು ಕೌಂಟಿಯ ಜೈಲಿಗೆ ಒಯ್ದಿದ್ದಾರೆಂಬ ಒಂದು ಸಾಲಿನ ಸುದ್ದಿ, ಅವನ ಕೋಣೆಯ ಜೊತೆಗಾರನಿಂದ, ಆಗತಾನೆ ಬಂದು ಮುಟ್ಟಿತ್ತು. ಯಾವ ಅಪರಾಧ, ಬಿಡುವುದು ಎಂದು, ಒಂದೂ ತಿಳಿಯದು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಇಟ್ಟುಕೊಂಡು, ಆ ಕೌಂಟಿಯ ಶೆರೀಫನ ಕಛೇರಿಯವರು ಸಾರ್ವಜನಿಕರಿಗಾಗಿ ತೆರೆದಿಟ್ಟಿರುವ ಬಂದಿಗಳ ಪಟ್ಟಿಯಲ್ಲಿ ಹುಡುಗನ ಹೆಸರನ್ನು ಹಾಕಿ ಹುಡುಕಿದೆವು; ಸಿಗಲಿಲ್ಲ. ತಂದೆಯ ಹೆಸರನ್ನು ಹಿಂದೆ ಹಾಕಿ, ಮುಂದೆ ಹಾಕಿ, ಊರ ಹೆಸರನ್ನು ಸೇರಿಸಿ, ಬಿಟ್ಟು ನೋಡಿದೆವು, ಸಿಗಲಿಲ್ಲ. ನಮ್ಮ ಕಡೆಯ ಅನೇಕ ಮಕ್ಕಳಂತೆ ಅವನ ಪಾಸ್‌ಪೋರ್ಟಿನಲ್ಲಿಯೂ ಇದ್ದುದು ಒಂದೇ ಹೆಸರು. ಅಂಥವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಎಂದರೆ ಮೊದಲ ಹೆಸರು ತಿಳಿಯದು, ಎಂಬ ಮೂರು ಅಕ್ಷರಗಳು ಅಚ್ಚಾಗಿರುತ್ತವೆಂಬುದು ನನಗೆ ಆಗ ಹೊಳೆಯಲಿಲ್ಲ. ಕಡೆಗೆ ಹೆಸರಿನ ಹಂಗನ್ನೇ ಬಿಟ್ಟು, ಹಿಂದಿನ ಎರಡು ದಿನಗಳಲ್ಲಿ ಒಳಗೆ ಬಂದವರೆಲ್ಲರ ಪಟ್ಟಿಯನ್ನು ತೆರೆದು, ಒಂದೊಂದೇ ಮುಖವನ್ನು ನೋಡುತ್ತ ಹೋದೆವು.

ಬೂದು ಬಣ್ಣದ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ತೆಗೆದ ಚಿತ್ರಗಳು ಅವು: ಒಂದು ಕಣ್ಣು ಊದಿಕೊಂಡ ಹೆಂಗಸು, ಹಲ್ಲಿಲ್ಲದ ಮುದುಕ, ಅಳು ಇನ್ನೂ ಆರದ ಹತ್ತೊಂಬತ್ತರ ಹುಡುಗ, ಅಂಗಿಯ ಗುಂಡಿ ಕಿತ್ತುಹೋದ ಒಬ್ಬ ದೊಡ್ಡ ಆಳು. ಪ್ರತಿಯೊಂದರ ಕೆಳಗೂ ಹೆಸರು, ವಯಸ್ಸು, ಜನಾಂಗ, ಎತ್ತರ, ತೂಕ, ಕಣ್ಣಿನ ಬಣ್ಣ, ಒಳಗೆ ಬಂದ ಗಂಟೆ, ಆಪಾದನೆ, ಜಾಮೀನಿನ ಮೊತ್ತ. ರಾಯರ ಮನೆಯವರು ನಾಲ್ಕಾರು ಮುಖಗಳನ್ನು ನೋಡಿದವರೇ, ಸೆರಗನ್ನು ಬಾಯಿಗೆ ಒತ್ತಿಕೊಂಡು, "ರೀ, ಬೇರೆಯವರ ಮಕ್ಕಳನ್ನು ಹೀಗೆಲ್ಲ ನೋಡಬಾರದು" ಎಂದು ಎದ್ದು ಒಳಕ್ಕೆ ಹೋದರು. ನೂರಾರು ಮುಖಗಳಾದ ಮೇಲೆ ಮಗ ಸಿಕ್ಕಿದ. ರಸ್ತೆಯ ನಿಯಮವನ್ನು ಮೀರಿದುದಕ್ಕಾಗಿ ಹಿಂದೆಂದೋ ಕೊಟ್ಟಿದ್ದ ಚೀಟಿಯ ವಿಚಾರಣೆಗೆ ನ್ಯಾಯಸ್ಥಾನದಲ್ಲಿ ಹಾಜರಾಗಲಿಲ್ಲವೆಂಬುದು ಅವನ ಮೇಲಿದ್ದ ಆಪಾದನೆ. ಮರುದಿನ ಹೊರಗೆ ಬಂದ. ಕೆಲವು ವಾರಗಳಲ್ಲಿ ಮೊಕದ್ದಮೆಯೇ ವಜಾ ಆಯಿತು. ಆದರೆ ಆ ಬೂದು ಗೋಡೆಯ ಚಿತ್ರ ಮಾತ್ರ, ಕೌಂಟಿಯ ಪಟ್ಟಿಯಿಂದ ಅಳಿದ ಮೇಲೂ, ಅದನ್ನು ಹೆಕ್ಕಿಕೊಂಡ ಖಾಸಗಿ ತಾಣವೊಂದರಲ್ಲಿ ವರ್ಷಕ್ಕೂ ಮೀರಿ ಉಳಿದು, ಅವನು ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಅವನಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಿತ್ತು.

ಕೌಂಟಿ ಜೈಲೆಂದರೆ ಶಿಕ್ಷೆಯಾದವರ ಕಾರಾಗೃಹವೆಂದು ನಮ್ಮಲ್ಲಿ ಅನೇಕರ ಗ್ರಹಿಕೆ. ದೀರ್ಘ ಶಿಕ್ಷೆಯನ್ನು ಅನುಭವಿಸತಕ್ಕವರು ಅಲ್ಲಿ ಸಂಸ್ಥಾನದ ಅಥವಾ ಒಕ್ಕೂಟ ಸರ್ಕಾರದ ಸೆರೆಮನೆಗಳಿಗೆ ಹೋಗುತ್ತಾರೆ. ಕೌಂಟಿಯ ಜೈಲು, ಬಹುಮಟ್ಟಿಗೆ ಜನರಿಂದ ಚುನಾಯಿತನಾದ ಶೆರೀಫನ ಕೈಕೆಳಗಿದ್ದು, ಹಿಡಿದು ತಂದವರನ್ನು ವಿಚಾರಣೆಯಾಗುವವರೆಗೆ ಅಥವಾ ಜಾಮೀನು ಒದಗುವವರೆಗೆ ಇರಿಸಿಕೊಳ್ಳುವ, ಅವರ ಜೊತೆಗೆ ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯವರನ್ನೂ ಇರಿಸಿಕೊಳ್ಳುವ ಎಡೆ. ಅಲ್ಲಿಯ ನ್ಯಾಯ ಇಲಾಖೆಯ ಅಂಕಿಅಂಶಗಳ ಪ್ರಕಾರ, 2022ರ ಜೂನ್ ಅಂತ್ಯಕ್ಕೆ ಮುಗಿದ ಒಂದು ವರ್ಷದಲ್ಲಿ ಇಂಥ ಸ್ಥಳೀಯ ಜೈಲುಗಳೊಳಕ್ಕೆ 73 ಲಕ್ಷ ಪ್ರವೇಶಗಳು ನಡೆದವು. 2022ರ ನಡುವೆ ಎಣಿಸಿದಾಗ ಒಳಗಿದ್ದ ಸುಮಾರು 6,63,000 ಜನರಲ್ಲಿ ನೂರಕ್ಕೆ 70 ಮಂದಿಯ ಮೇಲೆ ಯಾವ ಅಪರಾಧವೂ ಸಿದ್ಧವಾಗಿರಲಿಲ್ಲ. ನಾವು ಆ ರಾತ್ರಿ ನೋಡಿದ ಹತ್ತು ಮುಖಗಳಲ್ಲಿ ಏಳು, ಈ ಲೆಕ್ಕದಂತೆ, ಕಾನೂನಿನ ದೃಷ್ಟಿಯಲ್ಲಿ ನಿರಪರಾಧಿಗಳವು.

ಇಂಥ ದಾಖಲೆಯನ್ನು ಮುಚ್ಚಿಬಿಡಬೇಕೆಂದು ನಾನು ವಾದಿಸುತ್ತಿರುವೆನೆಂದು ಯಾರೂ ಭಾವಿಸಬಾರದು. ಸೆರೆಮನೆಯ ರಿಜಿಸ್ಟರು ತೆರೆದಿರಲೇಬೇಕು. ಅರಸನ ಆಳುಗಳು ಒಬ್ಬನನ್ನು ರಾತ್ರೋರಾತ್ರಿ ಎಳೆದೊಯ್ದು, ಅವನು ಎಲ್ಲಿರುವನೆಂಬುದನ್ನು ಹೆಂಡತಿಗೂ ತಿಳಿಸದೆ ಕತ್ತಲ ಕೋಣೆಗೆ ತಳ್ಳುತ್ತಿದ್ದ ಕಾಲದ ಭಯದಿಂದ ಹುಟ್ಟಿದುದು ಈ ರಿಜಿಸ್ಟರು; ಹೇಬಿಯಸ್ ಕಾರ್ಪಸ್ ಎಂಬ ರಕ್ಷೆಯ ಒಡಹುಟ್ಟು. ಅದರ ಮೊದಲ ಓದುಗ ಬಂದಿಯ ಮನೆಯವನು, ಎರಡನೆಯವನು ಅವನ ವಕೀಲ, ಮೂರನೆಯವನು ಅಧಿಕಾರದ ಮೇಲೆ ಕಣ್ಣಿಟ್ಟಿರುವ ನಾಗರಿಕ. ಬಂಧಿಸಿದವನು ಉತ್ತರ ಹೇಳಬೇಕಾದ ಆ ಪುಸ್ತಕವನ್ನು, ಉತ್ತರ ಹೇಳಲು ಬಾಯೇ ಇಲ್ಲದ ಬಂದಿಯ ಮೇಲೆ ತಿರುಗಿಸಿರುವುದು ನನ್ನ ಆಕ್ಷೇಪಣೆ.

ಈ ಪುಸ್ತಕ ನಿಜವಾಗಿ ಬೇಕಾದಾಗ ಅದಕ್ಕೆ ಒದಗಿದ ಗತಿಯನ್ನು ನೋಡಬೇಕು. 2001ರ ಸೆಪ್ಟೆಂಬರಿನ ದಾಳಿಯ ತರುವಾಯ ಅಮೆರಿಕದ ವಲಸೆ ಇಲಾಖೆಯವರು ಹಿಡಿದವರಲ್ಲಿ ನೂರಾರು ಮಂದಿಯನ್ನು, ಅವರಲ್ಲಿ ದಕ್ಷಿಣ ಏಷ್ಯದವರು ಬಹುಮಂದಿ, ನ್ಯೂಜೆರ್ಸಿಯ ಹಡ್ಸನ್ ಮತ್ತು ಪಸೇಯಿಕ್ ಕೌಂಟಿಗಳ ಜೈಲುಗಳಲ್ಲಿ ಇರಿಸಿದ್ದರು. ಜೈಲಿನ ಪಾಲಕನು ಬಂದಿಗಳ ಪುಸ್ತಕವನ್ನು ಸಾರ್ವಜನಿಕರಿಗೆ ತೆರೆದಿಡತಕ್ಕದ್ದೆಂಬ ಹಳೆಯ ಕಾನೂನು ಆ ಸಂಸ್ಥಾನದಲ್ಲಿತ್ತು. ಅದನ್ನೇ ಹಿಡಿದು ನಾಗರಿಕ ಹಕ್ಕುಗಳ ಸಂಘದವರು ಮೊಕದ್ದಮೆ ಹೂಡಿದರು. 2002ರ ಮಾರ್ಚಿನಲ್ಲಿ ಅಲ್ಲಿಯ ನ್ಯಾಯಾಧೀಶರು ಹೆಸರುಗಳನ್ನು ಕೊಡಬೇಕೆಂದು ಆಜ್ಞಾಪಿಸಿದರು. ಮುಂದಿನ ತಿಂಗಳೇ ಒಕ್ಕೂಟ ಸರ್ಕಾರ ಹೊಸ ನಿಯಮವೊಂದನ್ನು ಹೊರಡಿಸಿ, ತನ್ನ ವಲಸೆ ಬಂದಿಗಳ ಹೆಸರುಗಳನ್ನು ಯಾವ ಸ್ಥಳೀಯ ಜೈಲೂ ಹೊರಗೆಡಹಕೂಡದೆಂದು ಕಟ್ಟು ಮಾಡಿತು. ಜೂನಿನಲ್ಲಿ ಮೇಲಿನ ನ್ಯಾಯಸ್ಥಾನ ಆ ನಿಯಮಕ್ಕೆ ತಲೆಬಾಗಿತು. ಆ ನಿಯಮ ಇಂದಿಗೂ ಇದೆ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನ ಮುಖ ಲೋಕಕ್ಕೆಲ್ಲ ಕಾಣುವ ದೇಶದಲ್ಲಿ, ಸರ್ಕಾರವೇ ವಲಸೆಯ ಹೆಸರಿನಲ್ಲಿ ಹಿಡಿದವನ ಹೆಸರನ್ನು ಅವನನ್ನು ಇರಿಸಿಕೊಂಡ ಸ್ಥಳೀಯ ಜೈಲು ಹೇಳಕೂಡದು.

ಇತ್ತ, ಕಾಣಬೇಕಾಗಿಲ್ಲದುದು ಯಾವ ಪರಿಯಲ್ಲಿ ಕಂಡಿತು! ಅರಿಜೋನಾದ ಮ್ಯಾರಿಕೋಪಾ ಕೌಂಟಿಯಲ್ಲಿ ಶೆರೀಫ್ ಜೋ ಅರ್ಪಾಯೊ 2011ರಲ್ಲಿ 'ದಿನದ ಮಗ್‌ಷಾಟ್' ಎಂಬುದನ್ನು ಆರಂಭಿಸಿ, ಆ ದಿನ ಹಿಡಿದು ತಂದವರ ಚಿತ್ರಗಳಲ್ಲಿ ಒಂದನ್ನು ಆರಿಸಲು ಜನರಿಂದ ವೋಟು ಹಾಕಿಸಿದ. ಖಾಸಗಿ ವ್ಯಾಪಾರಿಗಳು ಸರ್ಕಾರಿ ಪಟ್ಟಿಗಳಿಂದ ಚಿತ್ರಗಳನ್ನು ಲಕ್ಷಗಟ್ಟಲೆ ಬಾಚಿಕೊಂಡು ತಮ್ಮ ತಾಣಗಳಲ್ಲಿ ತೂಗುಹಾಕಿ, ತೆಗೆಯಿರೆಂದು ಬೇಡಿದವರಿಂದ ಹಣ ಕೇಳಿದರು; ಅಂಥದೊಂದು ತಾಣವನ್ನು ನಡೆಸುತ್ತಿದ್ದರೆಂದು ಹೇಳಲಾದ ನಾಲ್ವರ ಮೇಲೆ ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್ 2018ರಲ್ಲಿ ಸುಲಿಗೆಯ ಆರೋಪ ಹೊರಿಸಿದರು. ಪೆನ್ಸಿಲ್ವೇನಿಯದ ಬಕ್ಸ್ ಕೌಂಟಿಯ ಕಥೆ ಇವೆಲ್ಲಕ್ಕಿಂತ ವಿಷಾದಕರ. ಅಲ್ಲಿ ಯಾವ ವ್ಯಾಪಾರಿಯೂ ಬೇಕಾಗಿರಲಿಲ್ಲ. ಕೌಂಟಿಯೇ, 1938ರಿಂದ ಮೊದಲುಗೊಂಡು ತನ್ನ ಜೈಲಿಗೆ ಬಂದವರೆಲ್ಲರ ವಿವರಗಳನ್ನು, ಯಾರು ಬೇಕಾದರೂ ಹುಡುಕಬಹುದಾದಂತೆ ಅಂತರ್ಜಾಲದಲ್ಲಿ ಇಟ್ಟಿತು. ದಾಖಲೆಯನ್ನು ಅಳಿಸಿಹಾಕತಕ್ಕದ್ದೆಂದು ಹಿಂದೆಯೇ ನ್ಯಾಯಸ್ಥಾನದಿಂದ ಆಜ್ಞೆ ಪಡೆದಿದ್ದ ಒಬ್ಬನಿಗೆ ತನ್ನ ಮುಖ ಅಲ್ಲಿ ಕಾಣಿಸಿತು. ಅವನು ಹೂಡಿದ ದಾವೆಯಲ್ಲಿ 2019ರಲ್ಲಿ ಜ್ಯೂರಿಯವರು, ಕೌಂಟಿ ಬೇಕೆಂದೇ ಸಂಸ್ಥಾನದ ಕಾನೂನನ್ನು ಮುರಿದಿದೆಯೆಂದು ಕಂಡು, ಸುಮಾರು 67,000 ಜನರಿಗೆ ತಲಾ 1,000 ಡಾಲರು ಕೊಡಬೇಕೆಂದು ತೀರ್ಪಿತ್ತರು. 1938ರಲ್ಲಿ ಇಪ್ಪತ್ತರ ಹರೆಯದಲ್ಲಿ ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆದು, ಆಮೇಲೆ ಬಾಳಿ ಬದುಕಿ, ಮೊಮ್ಮಕ್ಕಳನ್ನು ಕಂಡು ತೀರಿಕೊಂಡವನೊಬ್ಬನನ್ನು, ಅವನ ಮೊಮ್ಮಗ ಆ ಪುಟದಲ್ಲಿ ಸಂಧಿಸುವುದರಿಂದ ಯಾವ ಪ್ರಜಾಪ್ರಭುತ್ವಕ್ಕೆ ಏನು ಲಾಭ?

ಪಟ್ಟಿ ಹೀಗೆಯೇ ತೆರೆದಿರಲೆನ್ನುವ ಎದುರುಪಕ್ಷದವರ ಮಾತು ಹುರುಳಿಲ್ಲದುದಲ್ಲ. ಫ್ಲಾರಿಡಾದಂಥ ಸಂಸ್ಥಾನಗಳಲ್ಲಿ ಸರ್ಕಾರಿ ದಾಖಲೆಯನ್ನು ನೋಡುವ ಹಕ್ಕು ಸಂವಿಧಾನದಲ್ಲಿಯೇ ಬರೆದಿದೆ. ಒಂದು ಕಡೆ ಬೆಳಕನ್ನು ಕಡಿಮೆ ಮಾಡಿದರೆ ಅಧಿಕಾರಿಗಳು ಎಲ್ಲ ಕಡೆಯೂ ದೀಪ ಆರಿಸುವರೆಂಬ ಅವರ ಅಂಜಿಕೆಗೆ ನ್ಯೂಜೆರ್ಸಿಯೇ ಸಾಕ್ಷಿ. ಅದಕ್ಕಿಂತ ಬಲವಾದ ಇನ್ನೊಂದು ಮಾತಿದೆ. 1993ರ ಡಿಸೆಂಬರಿನಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ಒಬ್ಬ ತರುಣಿಯನ್ನು, ಅವಳ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ, ಅವಳಿಗೆ ಹಿಂಸೆಯಿತ್ತು ಜೈಲು ಸೇರಿದ್ದವನು ಹೊರಬಂದು ಕೊಂದ. ಅವನು ಬಿಡುಗಡೆಯಾದನೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಆ ದುಃಖದಿಂದ ಹುಟ್ಟಿದ 'ವೈನ್' ಎಂಬ ಏರ್ಪಾಡು, ಬಂದಿ ಒಳಗಿರುವನೆ, ಹೊರಗೆ ಹೋದನೆ ಎಂಬುದನ್ನು ನೊಂದವರಿಗೆ ದೂರವಾಣಿಯಲ್ಲಿ ತಿಳಿಸುವುದು, ಮರುವರ್ಷ ಅಲ್ಲಿಯ ಜೆಫರ್ಸನ್ ಕೌಂಟಿಯಲ್ಲಿ ಮೊದಲಾಗಿ ದೇಶದಲ್ಲೆಲ್ಲ ಹರಡಿತು. ಅವಳ ಹೆಸರಿನಲ್ಲಿ ಮಾತನಾಡುವವರ ಮುಂದೆ ನಾನು ತಲೆತಗ್ಗಿಸಿ ನಿಲ್ಲುತ್ತೇನೆ. ಆದರೆ ಅವಳಿಗೆ ಬೇಕಾಗಿದ್ದುದು ಒಂದು ಹೆಸರಿಗೆ ಒಂದು ಉತ್ತರ. ಮುನ್ನೂರು ಅಪರಿಚಿತರ ಮುಖಗಳಲ್ಲ. ಹೆಸರು ಹಿಡಿದು ಕೇಳಿಬಂದವನಿಗೆ ಉತ್ತರ ಕೊಡುವುದು ಬೇರೆ, ಹೊತ್ತು ಹೋಗದವನ ಮುಂದೆ ಇಡೀ ಊರಿನ ಅವಮಾನವನ್ನು ಹರಡುವುದು ಬೇರೆ. ನ್ಯಾಯಸ್ಥಾನಗಳಿಗೂ ಈ ಭೇದ ನಿಧಾನವಾಗಿ ಗೋಚರಿಸುತ್ತಿದೆ: ಬಂದಿಗಳ ಭಾವಚಿತ್ರಗಳನ್ನು ಕೇಳಿದವರಿಗೆ ಕೊಡಬೇಕೆಂದು 1996ರಲ್ಲಿ ಹೇಳಿದ್ದ ಆರನೆಯ ವಲಯದ ಒಕ್ಕೂಟ ಮೇಲ್ಮನವಿ ನ್ಯಾಯಸ್ಥಾನ, ಇಪ್ಪತ್ತು ವರ್ಷಗಳ ಅನಂತರ ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿತು; ವಿಚಾರಣೆಗೆ ಮೊದಲೇ ಚಿತ್ರವನ್ನು ಪ್ರಕಟಿಸುವುದು ಶಿಕ್ಷೆಯೇ ಆಗುತ್ತದೆಂಬ ದೂರನ್ನು, ಅದೇ ಮ್ಯಾರಿಕೋಪಾ ಕೌಂಟಿಯ ವಿರುದ್ಧ ಬಂದುದನ್ನು, ಒಂಬತ್ತನೆಯ ವಲಯದವರು 2024ರಲ್ಲಿ ವಿಚಾರಣಾರ್ಹವೆಂದು ಎತ್ತಿಹಿಡಿದರು. ಹಿಂಸೆಯಿಲ್ಲದ ಅಪರಾಧಗಳಿಗಾಗಿ ಹಿಡಿದವರ ಚಿತ್ರಗಳನ್ನು ಪೊಲೀಸರು ಸಾಮಾಜಿಕ ಜಾಲಗಳಲ್ಲಿ ಹಾಕಕೂಡದೆಂದು ಕ್ಯಾಲಿಫೋರ್ನಿಯ 2021ರಲ್ಲಿಯೇ ಶಾಸನ ಮಾಡಿದೆ.

ಇನ್ನು, ಈ ಪಟ್ಟಿಯ ಬೆಳಕೆಲ್ಲ ಬಂದಿಯ ಮುಖದ ಮೇಲೆ ಬಿದ್ದಿರುವಾಗ ಅವನ ಹಿಂದಿನ ಕೋಣೆ ಎಷ್ಟು ಕತ್ತಲೆಯಾಗಿದೆಯೆಂಬುದನ್ನು ಹೇಳಬೇಕು. ಕೌಂಟಿ ಜೈಲುಗಳಲ್ಲಿ ಸತ್ತವರೆಷ್ಟು, ಯಾವ ಜೈಲಿನಲ್ಲಿ, ಯಾತರಿಂದ ಎಂಬುದನ್ನು ಅರಿಯಲು ರಾಯಿಟರ್ಸ್ ಸುದ್ದಿಸಂಸ್ಥೆಯವರು 1,500ಕ್ಕೂ ಹೆಚ್ಚು ಅರ್ಜಿಗಳನ್ನು ಹಾಕಬೇಕಾಯಿತು. ಒಕ್ಕೂಟ ಸರ್ಕಾರದ ಬಳಿ ಲೆಕ್ಕವಿತ್ತಾದರೂ, ಜೈಲು ಜೈಲಿನ ಲೆಕ್ಕವನ್ನು ಅದು ಹೊರಗೆಡಹುತ್ತಿರಲಿಲ್ಲ. 2020ರಲ್ಲಿ ಅವರು ಪ್ರಕಟಿಸಿದಂತೆ, 2008ರಿಂದ 2019ರವರೆಗೆ ಐನೂರಕ್ಕೂ ಮಿಕ್ಕ ಜೈಲುಗಳಲ್ಲಿ ಸತ್ತವರು 7,571 ಮಂದಿ. ಅವರಲ್ಲಿ 4,998 ಮಂದಿ ಅಪರಾಧ ಸಿದ್ಧವಾಗದೆಯೇ ಸತ್ತವರು. 2015ರ ಜುಲೈಯಲ್ಲಿ ಟೆಕ್ಸಸಿನ ವಾಲರ್ ಕೌಂಟಿಯಲ್ಲಿ, ಕಾರಿನ ಸಾಲು ಬದಲಿಸುವಾಗ ಸಂಜ್ಞೆ ತೋರಲಿಲ್ಲವೆಂದು ತಡೆಯಲ್ಪಟ್ಟ ಸಾಂಡ್ರಾ ಬ್ಲಾಂಡ್, ಸುಮಾರು 500 ಡಾಲರು ಕಟ್ಟಿದ್ದರೆ ಹೊರಬರಬಹುದಾಗಿದ್ದವಳು, ಮೂರನೆಯ ದಿನ ಕೋಣೆಯಲ್ಲಿ ಹೆಣವಾಗಿದ್ದಳು. ಗಂಟೆಗೊಮ್ಮೆಯಾದರೂ ಬಂದಿಯನ್ನು ಕಣ್ಣಾರೆ ನೋಡಿಹೋಗಬೇಕೆಂಬ ನಿಯಮವನ್ನು ಅಲ್ಲಿ ಪಾಲಿಸಿರಲಿಲ್ಲವೆಂದು ಸಂಸ್ಥಾನದ ಜೈಲು ಆಯೋಗವೇ ದೋಷ ಹಿಡಿಯಿತು. ಅವಳ ಭಾವಚಿತ್ರ ಲೋಕಕ್ಕೆ ಸಿಕ್ಕಿತು. ಅವಳ ಬಾಗಿಲ ಬಳಿ ಯಾವ ಗಂಟೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬ ಪುಟವಲ್ಲವೆ ಊರಿಗೆಲ್ಲ ತೆರೆದಿರಬೇಕಾಗಿದ್ದುದು?

ಆದಕಾರಣ ನಾನು ಕೇಳುವುದು ಇಷ್ಟು. ಹೆಸರು ಹಿಡಿದು ಕೇಳಿದವನಿಗೆ, ಆ ಹೆಸರಿನವನು ಎಲ್ಲಿರುವನು, ಎಂದು ಹಿಡಿದರು, ಜಾಮೀನೆಷ್ಟು, ನ್ಯಾಯಾಧೀಶರ ಮುಂದೆ ಎಂದು ನಿಲ್ಲಿಸುವರು ಎಂಬುದು ಹಗಲಿರುಳೆನ್ನದೆ ಸಿಗಬೇಕು. ವಲಸೆ ಬಂದಿಗೂ ಅದು ಅನ್ವಯಿಸಬೇಕು. ಚಿತ್ರ ಬೇಡ. ಬಿಡುಗಡೆಯಾದ ಮೇಲೆ ಹೆಸರು ಪಟ್ಟಿಯಿಂದ ಇಳಿಯಬೇಕು. ಜೈಲಿನ ಕಡೆಯ ಲೆಕ್ಕ, ಎಂದರೆ ಸಾವು, ಪೆಟ್ಟು, ವೈದ್ಯ ಬಂದ ಹೊತ್ತು, ವಿಚಾರಣೆಯಿಲ್ಲದೆ ಕಳೆದ ದಿನಗಳು, ಇವು ಮಾತ್ರ ಯಾರೂ ಅರ್ಜಿ ಹಾಕದೆಯೇ ಎಲ್ಲರಿಗೂ ಕಾಣಬೇಕು.

ಇದು ದೂರದೇಶದ ಮಾತೆಂದು ನಮ್ಮವರು ಸುಮ್ಮನಿರುವಂತಿಲ್ಲ. 2025ರ ವಸಂತದಲ್ಲಿ ಅಮೆರಿಕ ಸರ್ಕಾರ ವಿದೇಶೀ ವಿದ್ಯಾರ್ಥಿಗಳ ಹೆಸರುಗಳನ್ನು ಪೊಲೀಸು ದಾಖಲೆಗಳ ಕೋಶಕ್ಕೆ ತಾಳೆ ಹಾಕಿ ಸಾವಿರಾರು ಮಂದಿಯ ದಾಖಲಾತಿಯನ್ನು ರದ್ದುಮಾಡಿದಾಗ, ಮೊಕದ್ದಮೆ ಎಂದೋ ಬಿದ್ದುಹೋಗಿದ್ದ ಭಾರತೀಯ ಮಕ್ಕಳೂ ಅದರಲ್ಲಿ ಸಿಕ್ಕಿಕೊಂಡರು. ನ್ಯಾಯಸ್ಥಾನಗಳಲ್ಲಿ ಪೆಟ್ಟು ತಿಂದ ಮೇಲೆ ಸರ್ಕಾರ ಹಿಂಜರಿಯಿತು. ನಮ್ಮಲ್ಲಿಯೂ, 1996ರ ಡಿ. ಕೆ. ಬಸು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಂದಿಯ ರಕ್ಷಣೆಗೆಂದು ವಿಧಿಸಿದ ಸೂಚನಾಫಲಕ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮಿನಲ್ಲಿ ಹೊಸ ರೂಪ ತಾಳಿದೆ: ಬಂಧಿತರ ಹೆಸರು, ವಿಳಾಸ, ಆಪಾದನೆಯ ಸ್ವರೂಪಗಳನ್ನು ಪ್ರತಿ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ, ಡಿಜಿಟಲ್ ರೀತಿಯೂ ಸೇರಿದಂತೆ ಯಾವುದಾದರೊಂದು ರೀತಿಯಲ್ಲಿ, ಎದ್ದುಕಾಣುವಂತೆ ಪ್ರದರ್ಶಿಸತಕ್ಕದ್ದೆಂದು ಅದು ಹೇಳುತ್ತದೆ. ಪೊಲೀಸರ ಗೋಡೆಯ ಹಲಗೆಯನ್ನು ಓದಲು ಅಲ್ಲಿಗೆ ನಡೆದುಹೋಗಬೇಕಿತ್ತು. ಮಗನನ್ನು ಹುಡುಕುವವನು ನಡೆದು ಹೋಗುತ್ತಿದ್ದ. ಮುಂದೆ ಬರುವ ಹಲಗೆ ಊರವರ ಜೇಬುಜೇಬಿನಲ್ಲಿ ಇರುತ್ತದೆ, ಮತ್ತು ನಮ್ಮ ಹಳ್ಳಿಗಳಲ್ಲಿ ವಿಳಾಸವೆಂದರೆ ಕೇರಿ, ಕೇರಿಯೆಂದರೆ ಜಾತಿ. ಈ ಹೊಸ ಹಲಗೆಯ ನಮೂನೆಗಳನ್ನು ರೂಪಿಸುವ ಅಧಿಕಾರಿಗಳು ಬಕ್ಸ್ ಕೌಂಟಿಯ ಮೊಕದ್ದಮೆಯ ಕಡತವನ್ನು ಈಗಲೇ ತರಿಸಿ ಓದಬೇಕು.

ಆ ರಾತ್ರಿ, ಮಗನ ಚಿತ್ರ ಸಿಕ್ಕಿತೆಂದು ರಾಯರು ಕೂಗಿ ಕರೆದಾಗ, ಅವರ ಮನೆಯವರು ಒಳಗಿನಿಂದ ಬಂದು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು. ಆಪಾದನೆಯೇನೆಂದು ಅವರು ಕೇಳಲಿಲ್ಲ. "ಊಟಕ್ಕೆ ಏನಾದರೂ ಕೊಟ್ಟಿದ್ದಾರಂತಾ? ಹೊದೆಯೋದಕ್ಕೆ ಇದೆಯಂತಾ, ನೋಡಿ" ಎಂದರು. ನಾನು ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದೆ. ಅವನ ಎತ್ತರವಿತ್ತು, ತೂಕವಿತ್ತು, ಕಣ್ಣಿನ ಬಣ್ಣವಿತ್ತು.